ಮಧ್ಯಾಹ್ನ ದೀಪ ಆರಿಸುವ ಪೀಶ್ಯಾ ಅಕ್ಕ

ನಮ್ಮ ಆಫೀಸಿನಲ್ಲಿ ಊಟವಾದ ಮೇಲೆ ದೀಪ ಆರಿಸುವುದು ಪೀಶ್ಯಾ ಅಕ್ಕನ ಕೆಲಸ. ಯಾರೂ ವಹಿಸಿದ್ದಲ್ಲ. ಊಟದ ಡಬ್ಬಿ ತೊಳೆದಿಟ್ಟು ಬಂದು, ಒಮ್ಮೆ ಸುತ್ತ ಕಣ್ಣಾಡಿಸಿ, ಟಪ್ಪೆಂದು ಸ್ವಿಚ್ ಒತ್ತುತ್ತಾರೆ. ತೈಚುಂಗ್‌ನ ಈ ಸೈಕಲ್ ಸೀಟಿನ ಕಾರ್ಖಾನೆಯ ಯೋಜನಾ ವಿಭಾಗ ಪೂರ್ತಿ ಮೇಜಿನ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ಮುಖವಿಟ್ಟು ಮಲಗುತ್ತದೆ. ಮತ್ತೆ ದೀಪ ಹತ್ತಿದಾಗ ಎಲ್ಲರ ಹಣೆಯ ಮೇಲೂ ದಿಂಬಿನ ಹೊಲಿಗೆಯ ಗೆರೆ.

ನನ್ನ ಹಣೆಯೊಂದು ನುಣ್ಣಗಿರುತ್ತಿತ್ತು. ನಾನು ಮಹಾ ದುಡಿಮೆಗಾರನೆಂದು ಜಗತ್ತಿಗೆ ಗೊತ್ತಾಗಬೇಕಿತ್ತಲ್ಲ. ಆ ಕತ್ತಲಲ್ಲಿ ನನ್ನ ಕಂಪ್ಯೂಟರ್ ಪರದೆ ಮೀನಿನ ತೊಟ್ಟಿಯ ಹಾಗೆ ಹೊಳೆಯುತ್ತಿತ್ತು. ಹಿಂದಿನ ಮೇಜಿನವರು ಬೈದರೆ ಪರದೆಗೆ ಕೋಟು ಹೊದಿಸಿ, ಅದರೊಳಗೆ ತಲೆ ತೂರಿಸಿ ಕೆಲಸ ಮಾಡುತ್ತಿದ್ದೆ. ಕೆಲಸವೆಂದರೆ ಓದಿದ ಸಾಲನ್ನೇ ಮತ್ತೆ ಓದುವುದು. ಮಧ್ಯಾಹ್ನವೆಲ್ಲ ಹಾಲು ಚಹಾ ಹೀರುತ್ತ, ಸಂಜೆ ಎಲ್ಲರೂ ಹೋದ ಮೇಲೂ ಕೂತಿರುತ್ತಿದ್ದೆ. ಕಣ್ಣ ಕೆಳಗಿನ ಕಪ್ಪು ನನಗೆ ಪದಕ.

"ಶ್ಯಾವ್ ಚುವಾಂಗ್, ನೀನು ಕೆಲಸ ಮಾಡ್ತಿಲ್ಲ ಕಣೋ," ಅಂದಿದ್ದರು ಅಕ್ಕ ಒಮ್ಮೆ. "ಕೆಲಸಕ್ಕೆ ಕಾವಲು ಕೂತಿದ್ದೀಯ."

ಅವರೂ ಹುಟ್ಟಾ ಹೀಗಿದ್ದವರಲ್ಲ. ಹುಡುಗಿಯಾಗಿ ಪ್ಯಾಕಿಂಗ್ ಸಾಲಿಗೆ ಸೇರಿ, ರಾತ್ರಿ ಶಾಲೆಯಲ್ಲಿ ಓದಿ, ಮೇಜಿನ ಕೆಲಸಕ್ಕೆ ಬಂದವರು. ಆಗ ಅವರ ಹಾಗೆ ದುಡಿಯುವ ಕತ್ತೆ ಇಡೀ ಕಾರ್ಖಾನೆಯಲ್ಲಿ ಇರಲಿಲ್ಲವಂತೆ. ಒಂದು ಸಂಜೆ ಕೆಂಪು ದೀಪದ ಮುಂದೆ ಸ್ಕೂಟರ್ ನಿಲ್ಲಿಸಿದವರು ಅಲ್ಲೇ, ಕೂತಲ್ಲೇ, ಹೆಲ್ಮೆಟ್‌ನೊಳಗೆ ನಿದ್ದೆಹೋದರು. ಹಸಿರು ಬಂತು, ಹೋಯಿತು. ಹಿಂದಿನವರು ಹಾರ್ನ್ ಬಾರಿಸಿ ಸುಸ್ತಾದರು. ಕೊನೆಗೆ ಮೂಲೆಯ ಸೊಪ್ಪಿನಂಗಡಿಯ ಅಜ್ಜಿ ಬಂದು ಹೆಲ್ಮೆಟ್ ಮೇಲೆ ತಟ್ಟಿ, ಮನೆ ಇಲ್ಲವೇನಮ್ಮಾ ನಿನಗೆ ಎಂದು ಕೇಳಿದಳಂತೆ.

ಮರುದಿನದಿಂದ ಅಕ್ಕ ತಮ್ಮ ತ್ರಾಣವನ್ನು ಅಕ್ಕಿಯ ಹಾಗೆ ಅಳೆದು ಬಳಸತೊಡಗಿದರು. ತಲೆ ತಿನ್ನುವ ಕೆಲಸವೆಲ್ಲ ಬೆಳಿಗ್ಗೆ. ಆಗ ಫೋನ್ ಎತ್ತುವುದಿಲ್ಲ. ಊಟದ ಡಬ್ಬಿಯ ಅನ್ನದಲ್ಲಿ ಅರ್ಧ ಪಕ್ಕದವರಿಗೆ. ಆಮೇಲೆ ದೀಪ ಆರುತ್ತದೆ. ಎದ್ದು ಒಂದು ಲೋಟ ಬಿಸಿನೀರು. ಚರ್ಮ ಪೂರೈಸುವವರ ಜೊತೆಗಿನ ಜಗಳಗಳು ದಿನದ ಕೊನೆಗೆ, ಏಕೆಂದರೆ ಜಗಳಕ್ಕೆ ತಲೆ ಬೇಕಿಲ್ಲ, ಗಂಟಲು ಸಾಕು. ಗಂಟೆ ಬಾರಿಸಿದ್ದೇ ಚೀಲ ಹೆಗಲಿಗೆ. ಮೇಜಿನ ಮೇಲೆ ಒಂದು ಕಾಗದವೂ ಉಳಿದಿರುತ್ತಿರಲಿಲ್ಲ.

ಇದು ಹೊಸ ಮ್ಯಾನೇಜರ್ ಯೆನ್ ಅವರಿಗೆ ಸೋಮಾರಿತನವಾಗಿ ಕಂಡಿತು. ರಾಜಧಾನಿ ತೈಪೆಯಿಂದ ಬಂದವರು, ನಿಂತೇ ಊಟ ಮಾಡುವವರು. ನನ್ನನ್ನು ಕಂಡರೆ ಅವರಿಗೆ ಇಷ್ಟ. ಆಗಲೇ ನನಗೆ ಅನುಮಾನ ಬರಬೇಕಿತ್ತು. ವಿಭಾಗದ ಮುಖ್ಯಸ್ಥರ ಜಾಗ ಖಾಲಿಯಿತ್ತು, ನ್ಯಾಯವಾಗಿ ಅದು ಅಕ್ಕನದು. ಯೆನ್ ಮಾತ್ರ, ಹಗಲು ಮಲಗುವವರಿಗೆ ಹೇಗೆ ಕೊಡಲಿ ಎಂದು ಎಳೆದಾಡುತ್ತಿದ್ದರು. ಮಧ್ಯಾಹ್ನದ ಕತ್ತಲನ್ನೇ ರದ್ದು ಮಾಡುವ ಮಾತೂ ಎದ್ದಿತ್ತು.

ಅಷ್ಟರಲ್ಲಿ ಚಂಡಮಾರುತ ಹೊರಟಿತು. ಹಡಗಿನವರ ಸುದ್ದಿ ಬಂತು: ನಮ್ಮ ತೈಚುಂಗ್ ಬಂದರಿಗೆ ಹಡಗು ಬರುವುದಿಲ್ಲ, ಗಾಳಿ ಬರುವ ಮೊದಲೇ ದಕ್ಷಿಣದ ಕಾವೋಶ್ಯುಂಗ್‌ನಿಂದ ಹೊರಟುಬಿಡುತ್ತದೆ. ಸೀಟುಗಳ ತಯಾರಿಯ ಸರದಿ, ಪ್ಯಾಕಿಂಗ್, ಲಾರಿ, ಎಲ್ಲವನ್ನೂ ಹೊಸದಾಗಿ ಜೋಡಿಸಬೇಕು, ನಾಳೆ ಸಂಜೆಯೊಳಗೆ. ಯೆನ್ ಎಲ್ಲರ ಮುಂದೆಯೇ ಹೇಳಿದರು: "ಪೀಶ್ಯಾ ಅವರೇ, ಇದು ನಿಮ್ಮ ಕೈಲಿ. ಮಾಲು ಹಡಗು ಹತ್ತಿದ್ರೆ ಆ ಕುರ್ಚಿ ನಿಮ್ದು, ದೀಪದ ಸ್ವಿಚ್ಚೂ ನಿಮ್ದು. ತಪ್ಪಿದ್ರೆ ಎರಡೂ ಇಲ್ಲ."

ಮರುದಿನ ಬೆಳಿಗ್ಗೆ ಅಕ್ಕ ಫೋನುಗಳನ್ನೆಲ್ಲ ಯೆನ್ ಅವರ ಕೋಣೆಗೆ ತಿರುಗಿಸಿ, ನಮ್ಮನ್ನು ಕೂರಿಸಿ ಸರದಿ ಹೊಸೆದರು. ಕತ್ತೆತ್ತಲಿಲ್ಲ ಯಾರೂ. ಊಟದ ಹೊತ್ತಿಗೆ ಅರ್ಧ ಮಾತ್ರ ಮುಗಿದಿತ್ತು. ಅಕ್ಕ ಡಬ್ಬಿ ತೊಳೆದಿಟ್ಟು ಬಂದು ಸ್ವಿಚ್ ಕಡೆ ನಡೆದಾಗ ನಾನು ಎದ್ದು ನಿಂತೆ.

"ಅಕ್ಕ, ಇವತ್ತೂನಾ?"

"ಇವತ್ತೇ. ನಿನ್ನ ಪರದೇನೂ ಆರಿಸು."

ಆರಿಸಿದೆ. ದಿಂಬಿರಲಿಲ್ಲ, ಕೋಟು ಮಡಚಿಟ್ಟೆ. ಕಣ್ಣು ಇನ್ನೇನು ಕೂಡಬೇಕು, ಬಾಗಿಲು ಧಡಾರೆಂದಿತು. ಬಿರುಗಾಳಿ ಮನೆಬಾಗಿಲಿಗೆ ಬಂದಿರುವಾಗ ಇದೇನು ನಡೆದಿದೆ ಎಂದು ಯೆನ್ ಕೇಳುತ್ತಿದ್ದರು. ಅಕ್ಕ ದಿಂಬಿನಿಂದ ಮುಖವನ್ನೂ ಎತ್ತಲಿಲ್ಲ.

"ಮೆಲ್ಲಗೆ ಮಾತಾಡಿ, ಮ್ಯಾನೇಜರ್ರೇ. ಬೆಳಗಿನ ತಲೆ ಖರ್ಚಾಯ್ತು. ಸಂಜೇಗೆ ಹೊಸದೊಂದು ಬೇಕು. ನೀವೂ ಬನ್ನಿ, ಆ ಕುರ್ಚಿ ಖಾಲಿ ಇದೆ."

ಅವರು ಕೂರಲಿಲ್ಲ. ತಮ್ಮ ಕೋಣೆಗೆ ಹೋಗಿ, ಹಿಂದಿನ ರಾತ್ರಿಯೂ ನಿದ್ದೆ ಕಾಣದ ಕಣ್ಣಲ್ಲಿ, ಲಾರಿಯವರಿಗೆ ಕೊಡುವ ಚೀಟಿಗಳನ್ನು ತಾವೇ ಬರೆಯತೊಡಗಿದರು.

ದೀಪ ಹತ್ತಿತು. ಬಿಸಿನೀರು ಕುಡಿದೆವು. ಬೆಳಿಗ್ಗೆ ಗಂಟು ಬಿದ್ದಿದ್ದ ಸರದಿ ತಾನಾಗಿ ಬಿಚ್ಚಿಕೊಂಡಂತೆ ಬಿಚ್ಚಿಕೊಂಡಿತು. ಮೊದಲ ಗಾಳಿ ಕಿಟಕಿ ಅಲ್ಲಾಡಿಸುವ ಹೊತ್ತಿಗೆ ಕೊನೆಯ ಪೆಟ್ಟಿಗೆ ಲಾರಿ ಹತ್ತಿತ್ತು. ಚಾಲಕರಿಗೆ ತಾವು ಬರೆದ ಚೀಟಿ ಹಂಚಲು ಯೆನ್ ನನ್ನನ್ನು ಕಳಿಸಿದರು. ಮೊದಲ ಚೀಟಿ ಓದಿದೆ. ಜೀವನದಲ್ಲಿ ಮೊದಲ ಸಲ, ಒಂದು ಸಾಲನ್ನು ಒಂದೇ ಸಲ ಓದಿ ನನಗೆ ಅರ್ಥವಾಯಿತು: ತೈಚುಂಗ್ ಬಂದರು, ಎಂದಿತ್ತು. ಎರಡನೆಯದರಲ್ಲೂ ಅದೇ. ಎಲ್ಲದರಲ್ಲೂ. ಹಳೆಯ ಚೀಟಿಗಳಲ್ಲಿದ್ದ ವಿಳಾಸ, ಯೆನ್ ಅವರ ನಿದ್ದೆಗೆಟ್ಟ ಕೈಯಿಂದ ತಾನೇ ಬರೆದುಕೊಂಡಿತ್ತು. ಲಾರಿಗಳು ಹಡಗೇ ಇಲ್ಲದ ಬಂದರಿಗೆ ಹೊರಟು ನಿಂತಿದ್ದವು.

"ಅಕ್ಕ!" ಎಂದು ನಾನು ಓಡಿದ ಓಟವನ್ನು ಕಾರ್ಖಾನೆ ಇನ್ನೂ ಆಡಿಕೊಳ್ಳುತ್ತದೆ. ಚಪ್ಪಲಿಯೊಂದು ಇಂದಿಗೂ ಸಿಕ್ಕಿಲ್ಲ.

ಅಕ್ಕ ಚೀಟಿ ನೋಡಿದರು, ಯೆನ್ ಅವರನ್ನು ನೋಡಿದರು. ಯೆನ್ ಬಿಳಿಚಿಕೊಂಡಿದ್ದರು. ಅಕ್ಕ ಪೆನ್ನು ತೆಗೆದು ತಿದ್ದಿ, "ಹೊರಡಿ, ಹೊರಡಿ, ಮಳೆ ಬರ್ತಿದೆ" ಎಂದು ಲಾರಿಗಳನ್ನು ದಕ್ಷಿಣಕ್ಕೆ ಅಟ್ಟಿದರು.

ಗಾಳಿ ದಾಟಿ ಹೋದ ಮೇಲೆ ಆಫೀಸು ತೆರೆಯಿತು. ಮಾಲೆಲ್ಲ ಸಮುದ್ರದ ಮೇಲೆ, ಅಕ್ಕ ಹೊಸ ಕುರ್ಚಿಯ ಮೇಲೆ. ಊಟವಾಯಿತು. ಯೆನ್ ಕಂಕುಳಲ್ಲಿ ಬೆಲೆಚೀಟಿಯೂ ಕೀಳದ ದಿಂಬೊಂದನ್ನು ಹಿಡಿದು ಸ್ವಿಚ್ ಪಕ್ಕ ನಿಂತಿದ್ದರು.

"ಆರಿಸ್ಲಾ?" ಎಂದರು, ಮೆಲ್ಲಗೆ.

"ಮೊದ್ಲು ನಿಮ್ ಫೋನಿನ ಬಾಯಿ ಮುಚ್ಸಿ," ಅಂದರು ನಮ್ಮ ಮುಖ್ಯಸ್ಥೆ.

ಮುಚ್ಚಿಸಿದರು. ಟಪ್ಪೆಂದಿತು. ಕತ್ತಲಲ್ಲಿ ಎಲ್ಲರಿಗಿಂತ ಮೊದಲು ಗೊರಕೆ ಹೊಡೆದದ್ದು ತೈಪೆಯವರು. ಎರಡನೆಯವನು ಯಾರೆಂದು, ದೀಪ ಹತ್ತಿದಾಗ, ನನ್ನ ಹಣೆಯ ಗೆರೆ ಹೇಳುತ್ತಿತ್ತು.