ಕಂಪ್ಯೂಟರು ಕೇಳಿದ ಹೆಸರು

ಹೆಂಡತಿಯ ಹೆಸರೇನು ಎಂದು ಯಾರಾದರೂ ಥಟ್ಟನೆ ಕೇಳಿದರೆ ನನ್ನ ವಯಸ್ಸಿನ ಗಂಡಸರು ಕೊಂಚ ತಡವರಿಸುತ್ತಾರೆ. ಮರೆತಿರುತ್ತಾರೆಂದಲ್ಲ, ಬಾಯಿಗೆ ರೂಢಿಯಿರುವುದಿಲ್ಲ. ನಾನಂತೂ ಮದುವೆಯಾದ ಲಾಗಾಯ್ತು ‘ಏ, ಕೇಳಿಲ್ಲಿ’ ಎಂಬ ಎರಡೇ ಮಾತಿನ ಮೇಲೆ ಸಂಸಾರ ನಡೆಸಿಕೊಂಡು ಬಂದವನು. ಅಂಥವನು ಮೊನ್ನೆ ಹುಮನಾಬಾದಿನ ಅಂಗಡಿಯೊಂದರಲ್ಲಿ, ಕಂಪ್ಯೂಟರು ಕೇಳಿದ್ದೇ ತಡ, ಹೆಂಡತಿಯ ಹೆಸರನ್ನು ಒಂದಕ್ಷರವೂ ತಪ್ಪದಂತೆ ಒತ್ತಿಬಿಟ್ಟೆ. ಆ ಚುರುಕುತನವೇ ನನಗೆ ಮುಳುವಾಯಿತು.

ಕಂಪ್ಯೂಟರು ನನ್ನದಲ್ಲ, ನನ್ನ ಹೆಂಡತಿಯದು. ಬಸವಕಲ್ಯಾಣದ ನಮ್ಮ ಮನೆಯ ನಡುಕೋಣೆಯಲ್ಲಿ ಅದನ್ನಿಟ್ಟುಕೊಂಡು ಅವಳು ಲಗ್ನಪತ್ರಿಕೆಗಳನ್ನು ಟೈಪ್ ಮಾಡಿ ಪ್ರೆಸ್ಸಿಗೆ ಕಳಿಸುತ್ತಾಳೆ. ನಾನು ಶಾಲೆಯಲ್ಲಿ ಇತಿಹಾಸ ಹೇಳುವವನು. ಊರಿನಲ್ಲಿ ಯಾರ ಮಗಳು ಯಾರ ಮನೆಗೆ ಹೋಗುತ್ತಾಳೆಂಬ ವರ್ತಮಾನವೆಲ್ಲ ಅವಳ ಕೈಯಲ್ಲಿರುತ್ತದೆ. ಯಂತ್ರವನ್ನು ತಂದುಕೊಟ್ಟು, ಟೈಪಿಂಗ್ ಕಲಿಸಿದವನು ಅವಳ ತಮ್ಮ ಶಿವರಾಜ. ಅವನಿಗೆ ಇಂಥವುಗಳ ಹುಚ್ಚು. ಕಾಯಿಲೆ ಬಿದ್ದು, ಹೋಗುವ ವಯಸ್ಸಲ್ಲದ ವಯಸ್ಸಿನಲ್ಲಿ ಹೋಗಿಬಿಟ್ಟ. ಆಮೇಲೆ ಆ ಯಂತ್ರವನ್ನು ಅವಳು ಇನ್ನಷ್ಟು ಜೋಪಾನ ಮಾಡತೊಡಗಿದಳು. ದಸರೆಗೆ ಅದಕ್ಕೆ ಬಳಿಯುವ ಕುಂಕುಮ, ವಿಭೂತಿ ನೋಡಿದರೆ ನನಗೆ ಸಣ್ಣ ಹೊಟ್ಟೆಕಿಚ್ಚು ಆಗುತ್ತಿತ್ತು. ನನ್ನ ಮೋಟರ್ ಸೈಕಲ್ಲಿಗೆ ಒಂದು ಬೊಟ್ಟು ಸಿಕ್ಕರೆ ಹೆಚ್ಚು.

ಮಳೆಗಾಲದ ಮುಂಚಿನ ಒಂದು ಗುಡುಗಿನ ಸಂಜೆ ಕರೆಂಟು ಬಂದು ಹೋಗಿ ಬಂತು. ಆ ಬಂದುಹೋಗುವ ಆಟದಲ್ಲಿ ಯಂತ್ರದ ಒಳಗಿಂದ ಸುಟ್ಟ ವಾಸನೆ ಬಂತು. ಕಲ್ಯಾಣದಲ್ಲಿ ರಿಪೇರಿ ಅಂಗಡಿಗಳಿಗೆ ಬರವಿಲ್ಲ. ಆದರೂ ಶಿವರಾಜ ಅದನ್ನು ತಂದದ್ದು ಹುಮನಾಬಾದಿನಿಂದ, ಮಾಣಿಕನಗರಕ್ಕೆ ಹೋಗುವ ದಾರಿಯಲ್ಲಿರುವ ಮಹೆಬೂಬನ ಅಂಗಡಿಯಿಂದ. ಹೆರಿಗೆ ಮಾಡಿಸಿದ ಡಾಕ್ಟರಿಗೇ ಕೂಸಿನ ಕೆಮ್ಮನ್ನೂ ತೋರಿಸಬೇಕೆನ್ನುವ ಜಾತಿ ನಮ್ಮದು. ಹೆಂಡತಿ ತನ್ನ ಹಳೆಯ ಸೀರೆಯೊಂದರಲ್ಲಿ ಅದನ್ನು ಸುತ್ತಿ ನನ್ನ ಕೈಗೆ ಕೊಟ್ಟಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದಲ್ಲಿ ಕೂತ ನಿರ್ಣಾದ ಕಡೆಯ ಮುದುಕಿಯೊಬ್ಬಳು ಸೀರೆಯ ಗಂಟನ್ನು ಮೆಲ್ಲಗೆ ಮುಟ್ಟಿ ನೋಡಿ, “ದೇವರೇನ್ರಿ ಯಪ್ಪಾ?” ಎಂದು ಕೇಳಿದಳು. ಅಲ್ಲವೆನ್ನಲು ಮನಸ್ಸಾಗಲಿಲ್ಲ. ಆಕೆ ಕೈಮುಗಿದಳು. ನಾನೂ ಗಂಭೀರವಾಗಿ ಕೂತೆ.

ಮಹೆಬೂಬ್ ತಿರುಪು ಬಿಚ್ಚಿ, ಮೂಸಿ ನೋಡಿ, ತಲೆಯಾಡಿಸಿದ. “ಮದರ್‌ಬೋರ್ಡ್, ಪ್ರೊಸೆಸರ್ ಎರಡೂ ಖತಂ ಆಗ್ಯಾವ್ರಿ ಸರ್. ಡಿಸ್ಕ್ ಜಿಂದಾ ಅದ, ಫಿಕರ್ ಮಾಡಬ್ಯಾಡ್ರಿ. ಅಕ್ಕಾರ ಕೆಲಸ ಎಲ್ಲಾ ಒಂದು ಬಾಜೂಕ ತೆಗೆದಿಡ್ತೀನಿ. ಆದ್ರ ಬೋರ್ಡ್ ಹೊಸಾದು ಹಾಕಿದ್ರ ಹಳೀ ಸಿಸ್ಟಮ್ ನಡ್ಯಾಂಗಿಲ್ಲ. ಪೂರಾ ಅಳಿಸಿ ಮೊದಲಿಂದ ಹಾಕಬೇಕು.”

ನಾನು ಅಲ್ಲಿಯೇ ಸ್ಟೂಲಿನ ಮೇಲೆ ಕೂತು, ಅವನು ಹಳೆಯ ಡಬ್ಬಿಯ ಹೊಟ್ಟೆಯೊಳಗಿನದನ್ನೆಲ್ಲ ತೆಗೆದು ಹೊಸದನ್ನು ಕೂರಿಸುವುದನ್ನು ನೋಡುತ್ತಿದ್ದೆ. ಮಿದುಳು ಹೊಸದು, ಅದು ಕೂಡುವ ಹಲಗೆ ಹೊಸದು, ಡಿಸ್ಕು ಹಳೆಯದಾದರೂ ಪೂರಾ ಅಳಿಸಿದ್ದು, ಇನ್ನು ಮೇಲೆ ಅದರಲ್ಲಿ ಆಡುವ ಜೀವವೂ ಹೊಸದು. ಹಳೆಯದೆಂದು ಕಣ್ಣಿಗೆ ಕಾಣುವುದು ಕುಂಕುಮದ ಕಲೆಯ ಡಬ್ಬಿಯೊಂದೇ. ಹಾಗಾದರೆ ನಾನು ಮನೆಗೆ ಒಯ್ಯುವುದು ರಿಪೇರಿಯಾದ ನಮ್ಮ ಕಂಪ್ಯೂಟರನ್ನೋ ಅಥವಾ ನಮ್ಮ ಕಂಪ್ಯೂಟರಿನ ವೇಷ ಹಾಕಿದ ಬೇರೊಂದನ್ನೋ? ಪರಕಾಯ ಪ್ರವೇಶದ ಕಥೆಗಳಲ್ಲಿ ಯೋಗಿ ರಾಜನ ಹೆಣವನ್ನು ಹೊಕ್ಕಾಗ ರಾಣಿಗೆ ಹುಟ್ಟುವ ಸಂಶಯ ನನಗೆ ಹುಮನಾಬಾದಿನ ಸ್ಟೂಲಿನ ಮೇಲೆ ಹುಟ್ಟಿತು.

ನಮ್ಮಜ್ಜಿಯ ಹತ್ತಿರ ಒಂದು ಕೌದಿ ಇತ್ತು. ಪ್ರತಿ ಬೇಸಿಗೆ ಅದರಲ್ಲಿ ಹರಿದ ಜಾಗಕ್ಕೆ ಮನೆಯವರ ಹಳೆ ಸೀರೆ ಧೋತರದ ತುಂಡು ಕೂರಿಸಿ ಹೊಲಿಯುತ್ತಿದ್ದಳು. ನಾನು ಬುದ್ಧಿ ಬಂದು ನೋಡುವ ಹೊತ್ತಿಗೆ ಅದರಲ್ಲಿ ಮೊದಲಿನ ಬಟ್ಟೆ ಒಂದೆಳೆಯೂ ಉಳಿದಿರಲಿಲ್ಲ. ಅಜ್ಜಿ ಮಾತ್ರ ಅದನ್ನು ಕೊನೆಯವರೆಗೂ ‘ನಮ್ಮವ್ವನ ಕೌದಿ’ ಎಂದೇ ಹೊದ್ದಳು. ಚಳಿಯಲ್ಲಿ ಅವಳ ಅವ್ವ ಬಂದು ಅಪ್ಪಿಕೊಂಡಷ್ಟು ಬೆಚ್ಚಗಾಗುತ್ತಿತ್ತಂತೆ. ಬಟ್ಟೆಯೆಲ್ಲ ಬದಲಾದ ಮೇಲೆ ಆ ಬಿಸುಪು ಎಲ್ಲಿಂದ ಬಂತು? ಹೆಸರಿನಿಂದಲೇ ಇರಬೇಕು. ಇತಿಹಾಸ ಹೇಳುವವನಾಗಿ ನನಗೆ ಇದು ಹೊಸ ಮಾತಲ್ಲ. ನಮ್ಮೂರಿನ ಕೋಟೆಯಲ್ಲಿ ಚಾಲುಕ್ಯರಿಂದ ನಿಜಾಮರವರೆಗೆ ಎಷ್ಟು ಜನ ಬಂದು ಹಿಂದಿನವರದನ್ನು ಅಳಿಸಿ ತಮ್ಮದನ್ನು ಹಾಕಿದರು! ಕಲ್ಯಾಣಿ ಎಂದಿದ್ದ ಊರಿನ ಹೆಸರೂ ತಿದ್ದುಪಡಿಯಾಗಿ ಬಸವಕಲ್ಯಾಣವಾಯಿತು. ನಮಗೆ ಅದು ಹೆಮ್ಮೆಯ ಹೆಸರೇ. ಆದರೂ ಸಂತೆಗೆ ಬರುವ ಮುದುಕರು ‘ಕಲ್ಯಾಣಿಗಿ ಹೊಂಟೀನಿ’ ಎಂದೇ ಮನೆ ಬಿಡುತ್ತಾರೆ, ಮತ್ತು ಸರಿಯಾದ ಊರಿಗೇ ಬಂದು ಇಳಿಯುತ್ತಾರೆ.

ಇಷ್ಟೆಲ್ಲ ಯೋಚಿಸಿದ ಮನುಷ್ಯ ಮುಂದಿನ ಕ್ಷಣದಲ್ಲಿ ಎಡವಬಾರದಿತ್ತು. ಹೊಸ ಸಿಸ್ಟಮ್ ಕಣ್ಣು ಬಿಟ್ಟಿತು. ಮೊದಲು ದೇಶ ಯಾವುದೆಂದು ಕೇಳಿತು, ಆಮೇಲೆ ಭಾಷೆ ಯಾವುದೆಂದು ಕೇಳಿತು, ಎಲ್ಲ ಕೇಳಿ ತೃಪ್ತಿಯಾದ ಮೇಲೆ ಹೆಸರು ಕೇಳಿತು. ಹೆಣ್ಣು ನೋಡಲು ಬಂದವರೂ ಇದೇ ಕ್ರಮದಲ್ಲಿ ಕೇಳುತ್ತಾರೆ. ಮಹೆಬೂಬನ ಅಂಗಡಿಯಲ್ಲಿ ಒಂದು ಪದ್ಧತಿಯಿದೆ. ಅಲ್ಲಿಯವರೆಗೆ ಎಲ್ಲವನ್ನೂ ತಾನೇ ಮಾಡುವವನು ಆ ಜಾಗ ಬಂದ ಕೂಡಲೇ ಕೈ ತೆಗೆದು ಕೀಲಿಮಣೆಯನ್ನು ಗಿರಾಕಿಯ ಕಡೆ ಸರಿಸುತ್ತಾನೆ. “ಹೆಸರು ನೀವೇ ಹಾಕ್ರಿ ಸರ್. ಅದು ಮನೀ ಮಂದಿ ಕೆಲಸ.”

ನಾನು ‘ವಿಜಯಲಕ್ಷ್ಮಿ’ ಎಂದು ಒತ್ತಿದೆ.

ಆ ಹೆಸರು ನಾನೇ ಇಟ್ಟದ್ದು. ಮದುವೆಯ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ, ಅದರಲ್ಲಿ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುವ ಪದ್ಧತಿ ಮರಾಠಿ ಸೀಮೆಯಿಂದ ನಮ್ಮ ಕೆಲವು ಮನೆಗಳಿಗೂ ಬಂದಿದೆ. ತವರಿನಲ್ಲಿ, ನಾರಾಯಣಪುರದಲ್ಲಿ, ಅವಳು ಕಲಾವತಿ. ನಮ್ಮ ಮನೆಯಲ್ಲೇ ಇದ್ದ ನನ್ನ ಸೋದರತ್ತೆಯ ಹೆಸರೂ ಕಲಾವತಿ. ಒಂದೇ ಮನೆಯಲ್ಲಿ ಇಬ್ಬರು ಕಲಾವತಿಯರಾದರೆ ಅತ್ತೆಯ ಹೆಸರು ಹಿಡಿದು ಸೊಸೆಯನ್ನು ಬೈಯುವುದು ಹೇಗೆ? ಬೈಯುವ ಅನುಕೂಲಕ್ಕಾಗಿ ಹೆಸರು ಬದಲಾಯಿತು. ಹಿರಿಯರು ಹೇಳಿದರು, ನಾನು ಬರೆದೆ, ಎಲ್ಲರೂ ಚಪ್ಪಾಳೆ ತಟ್ಟಿದರು, ಸಂಜೆ ಆ ಅಕ್ಕಿಯನ್ನು ಒಲೆಗೇರಿಸಿದರು. ಆಮೇಲೆ ಆ ಹೆಸರನ್ನು ರೇಷನ್ ಕಾರ್ಡು ಬಳಸಿತು, ಬ್ಯಾಂಕು ಬಳಸಿತು, ಗ್ಯಾಸ್ ಸಿಲಿಂಡರಿನವನು ಬಾಗಿಲಲ್ಲಿ ನಿಂತು ಕೂಗಿದ. ಇಟ್ಟ ನಾನು ಮಾತ್ರ ಒಮ್ಮೆಯೂ ಬಳಸಲಿಲ್ಲ. ಹಳೆಯದನ್ನು ಅಳಿಸಿ, ಹೊಸದನ್ನು ಹಾಕಿ, ಉಪಯೋಗಿಸದೆ ಇಟ್ಟುಕೊಂಡವನು ನಾನು.

ಮನೆಗೆ ತಂದಾಗ ಅವಳು ಸಂಭ್ರಮದಿಂದಲೇ ವಿಭೂತಿ ಹಚ್ಚಿ ಗುಂಡಿ ಒತ್ತಿದಳು. ಪರದೆ ಬೆಳಗಿತು. ಅವಳು ಅದನ್ನೇ ನೋಡುತ್ತ ನಿಂತಳು. “ಛಲೋ ಅದ್ರಿ,” ಎಂದು ಒಳಗೆ ಹೋದಳು. ಮರುದಿನ ಕಣ್ಣುರಿ ಎಂದಳು. ಅದರ ಮರುದಿನ ಸೊಂಟ ನೋವು. ಮುಹೂರ್ತಗಳು ಹತ್ತಿರ ಬರುತ್ತಿವೆ, ಪ್ರೆಸ್ಸಿನವನು ಫೋನಿನ ಮೇಲೆ ಫೋನು ಮಾಡುತ್ತಿದ್ದಾನೆ, ಇವಳು ಜೋಳ ಹಸನು ಮಾಡುತ್ತ ಕೂತಿದ್ದಾಳೆ. ವೇಗ ಸಾಲದೇ, ಅಕ್ಷರ ಸಣ್ಣವೇ ಎಂದು ನಾನು ಯಂತ್ರದ ಕಡೆಯಿಂದಲೇ ವಿಚಾರಿಸುತ್ತಾ ಹೋದೆ. ಗಂಡಸರ ಬುದ್ಧಿ ಯಾವಾಗಲೂ ತಿರುಪು ಇರುವ ಕಡೆಗೇ ಓಡುತ್ತದೆ.

“ವೇಗ ಏನ್ ಮಾಡ್ಲಿರಿ?” ಎಂದಳು ಕೊನೆಗೆ, ಮೊರದಿಂದ ತಲೆಯೆತ್ತದೆ. “ಶಿವರಾಜ ಅದರಾಗ ನನ್ನ ಹೆಸರು ಹಾಕಿದ್ದ. ದಿನಾ ಮುಂಜಾನೆ ಚಾಲೂ ಮಾಡಿದ್ರ ಕಲಾವತಿ ಅಂತ ಬರತಿತ್ತು. ಅವ್ವ ಇಲ್ಲ, ಅಪ್ಪ ಇಲ್ಲ, ಅವನೂ ಹೋದ. ಊರಿಗಿ ಹೋದ್ರ ಭಿ ಕಲ್ಯಾಣದಾಕಿ ಬಂದಾಳ ಅಂತಾರ. ನನಗ ಆ ಹೆಸರೀಲೆ ಕರಿಯೋದು ಅದೊಂದೇ ಇತ್ತು.”

ಇಷ್ಟು ವರ್ಷ ದಿನಾ ಆ ಪರದೆಯ ಮುಂದೆ ಹಾದುಹೋಗಿದ್ದೇನೆ. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಆ ಹೆಸರು ಇತ್ತೆಂಬುದು ಕಣ್ಣಿಗೆ ಬಿದ್ದಿದೆ, ಮನಸ್ಸಿಗೆ ಬಿದ್ದಿಲ್ಲ. ಅವಳಿಗೆ ಅದು ತವರಿನ ಬಾಗಿಲಾಗಿತ್ತು. ನಾನು ಹುಮನಾಬಾದಿಗೆ ಹೋಗಿ, ಸ್ಟೂಲಿನ ಮೇಲೆ ಕೂತು, ನಗುನಗುತ್ತ ಅದನ್ನು ಮುಚ್ಚಿಸಿಕೊಂಡು ಬಂದಿದ್ದೆ.

ಮಹೆಬೂಬನಿಗೆ ಫೋನು ಮಾಡಿದೆ. “ಹೆಸರು ಬದಲ್ ಮಾಡೋದು ಏನು ದೊಡ್ಡದಲ್ರಿ ಸರ್,” ಎಂದ ಅವನು. “ಮ್ಯಾಲ ಕಾಣೋ ಹೆಸರು ನೀವೇ ಮನ್ಯಾಗ ಕುಂತು ಬದಲಿಸಬಹುದು. ಆದ್ರ ಒಳಗಿನ ಫೋಲ್ಡರ್‌ಗಿ ಪಹಿಲೆ ಏನು ಹೆಸರು ಬಿದ್ದಿರ್ತದೋ ಅದೇ ಇರ್ತದ. ಮ್ಯಾಲ ಎಷ್ಟು ಸಲ ಬದಲಿಸಿದ್ರೂ ಅದು ಹಂಗೇ.”

ಫೋನು ಇಟ್ಟ ಮೇಲೂ ಆ ಮಾತು ಬಿಡಲಿಲ್ಲ. ಮೇಲೆ ಕಾಣುವ ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಅಕ್ಕಿಯಲ್ಲಿ ಬರೆದರೂ ಸರಿ, ಆಧಾರ್ ಕಾರ್ಡಿನಲ್ಲಿ ಬರೆಸಿದರೂ ಸರಿ. ಮೊದಲ ಸಲ ಇಟ್ಟ ಹೆಸರಿನಡಿಯಲ್ಲಿಯೇ ಒಳಗಿನ ಸಾಮಾನೆಲ್ಲ ಇರುತ್ತದೆ. ನನ್ನ ಹೆಂಡತಿ ಟೈಪ್ ಮಾಡುವ ಲಗ್ನಪತ್ರಿಕೆಗಳಲ್ಲಿ ವಧುವಿನ ಹೆಸರು ದಪ್ಪ ಅಕ್ಷರದಲ್ಲಿ, ಸುತ್ತ ಹೂಬಳ್ಳಿಯೊಡನೆ ಇರುತ್ತದೆ. ಅವರಲ್ಲಿ ಕೆಲವರಿಗೆ ಅದು ಆ ಹೆಸರಿನ ಕೊನೆಯ ಮೆರವಣಿಗೆ. ಅದನ್ನು ಅಷ್ಟು ಚೆಂದ ಮಾಡಿ ಕೂರಿಸಲು ಇವಳು ಯಾಕೆ ಅಷ್ಟು ಹೊತ್ತು ತೆಗೆದುಕೊಳ್ಳುತ್ತಾಳೆಂಬುದು ನನಗೆ ಆಗ ತಿಳಿಯಿತು.

ಮತ್ತೆ ಸೀರೆ, ಮತ್ತೆ ಬಸ್ಸು, ಮತ್ತೆ ಹುಮನಾಬಾದು. ಮಹೆಬೂಬ್ ಹಣೆ ಚಚ್ಚಿಕೊಂಡ. “ಮಂದಿ ವೈರಸ್ ಬಂದದಂತ ತರ್ತಾರ, ನೀವು ಹೆಸರಿನ ಸಂಬಂಧ ತಂದೀರಲ್ಲ ಸರ್! ಇನ್ನೊಂದು ಅಕೌಂಟ್ ಮಾಡಿ ಕೊಡ್ತೀನಿ, ಇದನ್ನ ತೆಗೆದು ಒಗಿತೀನಿ, ಚಹಾ ಕುಡಿಯೋದ್ರಾಗ ಆಗ್ತದ.”

“ಬ್ಯಾಡ,” ಎಂದೆ. “ಪೂರಾ ಅಳಿಸು. ಮೊದಲಿಂದ ಹಾಕು. ಪಹಿಲೆ ಆ ಹೆಸರೇ ಬೀಳಬೇಕು.”

ಅವನು ಯಾಕೆಂದು ಕೇಳಿದ. ನಾನು ಶಿವರಾಜನ ಹೆಸರೆತ್ತಿದೆ. ಅವನು ಅಳಿಸಲು ಹಚ್ಚಿ ಚಹಾಕ್ಕೆ ಹೇಳಿದ. ದೇಶ, ಭಾಷೆ ಎಲ್ಲ ಆಗಿ ಕೀಲಿಮಣೆ ನನ್ನ ಕಡೆ ಸರಿಯಿತು. ಹೆಸರೊತ್ತಲು ಹೋದರೆ ಬೆರಳು ತಡವರಿಸಿತು. ಮದುವೆಯ ಕರೆಯೋಲೆಯಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ಅಚ್ಚಾಗಿದ್ದ ಹೆಸರು. ನನ್ನ ಕೈಯಿಂದ ಅದನ್ನು ನಾನು ಬರೆಯುತ್ತಿದ್ದದ್ದು ಅದೇ ಮೊದಲು. ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ.

ಮನೆಯಲ್ಲಿ ಈ ಸಲ ವಿಭೂತಿಯ ಸಂಭ್ರಮವಿರಲಿಲ್ಲ. ಅವಳು ಸುಮ್ಮನೆ ಗುಂಡಿ ಒತ್ತಿದಳು. ಪರದೆ ಬೆಳಗಿತು. ಸೆರಗಿನ ತುದಿಯಿಂದ ಪರದೆ ಒರೆಸಿದಳು, ಅಲ್ಲಿ ಧೂಳೇನೂ ಇರಲಿಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಯಾವುದೋ ವಧುವಿನ ಹೆಸರು ಟೈಪ್ ಮಾಡತೊಡಗಿದಳು.

ನಾನು ಪಡಸಾಲೆಯಲ್ಲಿ ಪೇಪರು ಹಿಡಿದು ಕೂತೆ. ಓದು ಹತ್ತಲಿಲ್ಲ. ಒಂದು ಯಂತ್ರ ಮಾಡುವ ಕೆಲಸವನ್ನು, ಅದರ ಎದುರಿಗೇ ಉಂಡು ಮಲಗುವ ಮನುಷ್ಯ ಯಾಕೆ ಮಾಡಬಾರದು? ಅದಕ್ಕೆ ಕರೆಂಟಾದರೂ ಬೇಕು. ಗಂಟಲು ಸರಿಮಾಡಿಕೊಂಡೆ. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು, “ಕಲಾವತಿ,” ಎಂದೆ.

ನಡುಕೋಣೆಯಲ್ಲಿ ಕೀಲಿಗಳ ಸದ್ದು ನಿಂತಿತು.

“ಕಂಪ್ಯೂಟರಿಗಿ ಈಗ ಬಾಯಿ ಭಿ ಬಂದದೇನ್ರಿ?” ಎಂದಳು ಒಳಗಿನಿಂದ.

“ಹೂಂ. ಒಳಗಿಂದೆಲ್ಲಾ ಹೊಸಾದು ಹಾಕ್ಯಾರ,” ಎಂದೆ.

“ಹಂಗಾದ್ರ ಇನ್ನೊಮ್ಮೆ ಅನ್ನಸ್ರಿ,” ಎಂದಳು.