ಉಸ್ಮಾನಿಯಾ ಬಿಸ್ಕತ್ತಿನ ಪೊಟ್ಟಣ

ಮಾದಾಪುರದ ಐಟಿ ಕಂಪನಿಗಳಿಗೆ ಹಗಲುರಾತ್ರಿ ಕ್ಯಾಬ್ ಓಡಿಸಿ ಶಿವಶರಣಪ್ಪನಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತು. ಅಂದಿನಿಂದ ಮನೆಯ ದಿನಸಿಗೆ ಅವನ ಹೆಂಡತಿ ಸೂಗಮ್ಮನೇ ಯಜಮಾನಿ. ಕೊಂಡಾಪುರದ ಅಂಗಡಿಯಲ್ಲಿ ಅವಳು ನವಣೆ, ಹುರುಳಿ, ಮೆಂತ್ಯ ಆರಿಸುವಾಗ ಅವನು ಸದ್ದಿಲ್ಲದೆ ಒಂದು ಪೊಟ್ಟಣ ಉಸ್ಮಾನಿಯಾ ಬಿಸ್ಕತ್ತನ್ನು ಬುಟ್ಟಿಗೆ ಸೇರಿಸುತ್ತಿದ್ದ. ಅವಳು ಅಷ್ಟೇ ಸದ್ದಿಲ್ಲದೆ ಅದನ್ನು ತೆಗೆದು ನವಣೆ ಚೀಲಗಳ ಮೇಲೆ ಇಟ್ಟುಬಿಡುತ್ತಿದ್ದಳು.

“ಒಂದ ತಿಂದ್ರ ಏನಾಕ್ಕೈತಿ?” ಎಂದು ಅವನು ಗೊಣಗುತ್ತಿದ್ದ.

“ಮೊದಲ ಆರಾಮ ಆಗ್ರಿ. ಆಮ್ಯಾಗ ನಾನ ಕೊಡಸ್ತೀನಿ.”

ಅವನು ಆರಾಮಾಗಲೇ ಇಲ್ಲ. ನಾಳೆ ಅವನ ವರ್ಷದ ಎಡೆ. ಹೋದವರು ಇಷ್ಟಪಟ್ಟದ್ದನ್ನೆಲ್ಲ ಎಡೆಯಲ್ಲಿ ಇಡುವುದು ಸೂಗಮ್ಮನ ಊರ ಕಡೆಯ ಪದ್ಧತಿ. ಒಬ್ಬಳೇ ಅಂಗಡಿಗೆ ಬಂದ ಅವಳು ಎಲ್ಲಕ್ಕಿಂತ ಮೊದಲು ಆ ಬಿಸ್ಕತ್ತನ್ನೇ ಬುಟ್ಟಿಗೆ ಹಾಕಿದಳು. ಆಮೇಲೆ ಕಡಲೆಬೇಳೆ, ಬೆಲ್ಲ, ತುಪ್ಪ ಹುಡುಕುತ್ತ ಅಂಗಡಿಯೆಲ್ಲ ಸುತ್ತಿದಳು. ಬಿಲ್ಲಿನ ಕೌಂಟರಿನಲ್ಲಿ ಬುಟ್ಟಿ ಬರಿದು ಮಾಡಿದರೆ ಪೊಟ್ಟಣವೇ ಇಲ್ಲ. ಎಲ್ಲೋ ಬಿತ್ತೆಂದು ನೆಲ ನೋಡುತ್ತ ಬಂದ ದಾರಿಯಲ್ಲೇ ಹಿಂದಿರುಗಿದಳು.

ಅದು ಬಿದ್ದಿರಲಿಲ್ಲ. ಅವಳ ಕೈ ಯಾವಾಗಲೂ ಇಡುತ್ತಿದ್ದ ಜಾಗದಲ್ಲೇ, ನವಣೆ ಚೀಲಗಳ ಮೇಲೆ ಇತ್ತು.