ಕಿವಿಗೆ ಮುಟ್ಟದ ಕೈ

ಗಜೇಂದ್ರಗಡದ ನಮ್ಮ ಓಣಿಯನ್ನು ಇಪ್ಪತ್ನಾಲ್ಕು ವರ್ಷ ಗುಡಿಸಿದವಳು ಸಕ್ಕೂಬಾಯಿ. ನಿವೃತ್ತನಾಗಿ ನಾನಿಲ್ಲಿ ಮನೆ ಮಾಡುವ ಮೊದಲೇ ಅವಳು ಪುರಸಭೆಯಲ್ಲಿ ದಿನಗೂಲಿಗೆ ಸೇರಿದ್ದಳು. ಬೆಳಿಗ್ಗೆ ಆರಕ್ಕೆ ಅವಳ ಕಸಬರಿಗೆಯ ಸಪ್ಪಳ ಕೇಳಿದರೆ ನನ್ನ ಹೆಂಡತಿ ಚಹಾಕ್ಕೆ ಒಂದು ಕಪ್ ನೀರು ಹೆಚ್ಚು ಹಾಕುತ್ತಿದ್ದಳು.

ಸಕ್ಕೂ ನನ್ನ ಶಿಷ್ಯೆಯೂ ಹೌದು. ೧೯೭೧ರಲ್ಲಿ ಮುಶಿಗೇರಿಯ ಆಚೆಗಿನ ಸಣ್ಣ ಊರೊಂದರ ಶಾಲೆಗೆ ನಾನು ಹೊಸ ಮಾಸ್ತರನಾಗಿ ಹೋಗಿದ್ದೆ. ಆಗ ಹುಟ್ಟಿದ ತಾರೀಖನ್ನು ಯಾವ ಮನೆಯಲ್ಲಿಯೂ ಬರೆದಿಡುತ್ತಿರಲಿಲ್ಲ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿದಾಗ ಬೆರಳು ಎಡಗಿವಿಗೆ ಮುಟ್ಟಿದರೆ ಮಗುವಿಗೆ ಆರು ತುಂಬಿತೆಂದು ತಿಳಿಯುತ್ತಿದ್ದೆವು. ಜೂನ್ ಒಂದನ್ನು ಜನ್ಮದಿನವೆಂದು ಬರೆಯುತ್ತಿದ್ದೆವು.

ಸಕ್ಕೂಳ ಕೈ ಮುಟ್ಟಲಿಲ್ಲ. ನಾಲ್ಕು ವರ್ಷದ ಕೂಸು.

"ಇನ್ನೊಂದೆರಡ ವರ್ಷ ಬಿಟ್ಟ ಕಳಸ್ತೇನ್ರಿ. ಈಗ ತಮ್ಮನ್ನ ಆಡಸ್ಲಿ" ಎಂದಳು ಅವಳ ಅವ್ವ.

ಎರಡು ವರ್ಷ ಬಿಟ್ಟರೆ ಆ ಹುಡುಗಿ ಎಂದಿಗೂ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಅವಳ ತಲೆಯನ್ನು ಮೆಲ್ಲಗೆ ಬಗ್ಗಿಸಿ, ಬೆರಳನ್ನು ಕಿವಿಗೆ ಮುಟ್ಟಿಸಿ, ೧-೬-೧೯೬೫ ಎಂದು ಬರೆದೆ. ಅವಳು ನಾಲ್ಕನೆಯ ಇಯತ್ತೆಯವರೆಗೆ ಓದಿದಳು. ನಾನು ಅದನ್ನು ಪುಣ್ಯದ ಕೆಲಸವೆಂದೇ ನಂಬಿದ್ದೆ.

ದಿನಗೂಲಿಯವರನ್ನು ಕಾಯಂ ಮಾಡುತ್ತಾರೆಂಬ ಸುದ್ದಿ ಹತ್ತು ವರ್ಷಗಳಿಂದ ಇತ್ತು. ಗಂಡ ಅರ್ಜುನಪ್ಪ ತೀರಿಕೊಂಡ ನಾಲ್ಕನೆಯ ದಿನವೇ ಸಕ್ಕೂ ಕಸಬರಿಗೆ ಹಿಡಿದು ಬಂದಿದ್ದಳು. ಬರದಿದ್ದರೆ ಹೆಸರು ಹೊಡೆದುಹಾಕುತ್ತಾರೆಂಬ ಅಂಜಿಕೆ.

"ಕಾಯಂ ಆತಂದ್ರ ಒಂದ ದಿವಸ ರಜಾ ಹಾಕ್ತೇನ್ರಿ ಮಾಸ್ತರ. ಏನೂ ಮಾಡೂದಿಲ್ಲ. ಸುಮ್ನ ಮನ್ಯಾಗ ಕುಂದರ್ತೇನಿ."

ಜೊತೆಗೆ ಗುಡಿಸುವ, ಅವಳ ತವರೂರಿನವಳೇ ಆದ ಗೌರವ್ವ ನಗುತ್ತಿದ್ದಳು. "ಸಾಲಿ ಕಲ್ತಾಕಿ ನೀ. ಸಾಹೇಬ್ರಾಗಿ ಖುರ್ಚಿ ಮ್ಯಾಲ ಕುಂದರ್ತಿ, ಮನ್ಯಾಗ ಯಾಕ? ಈಕಿನ್ನ ಎತ್ತಿ ಆಡ್ಸೀನ್ರಿ ಮಾಸ್ತರ ನಾ, ಈಗ ನನಗ ಮಾತ ಕಲಸ್ತಾಳ."

ಕಳೆದ ಜುಲೈನಲ್ಲಿ ಆದೇಶ ಬಂತು. ಅರವತ್ತು ತುಂಬದವರಿಗೆ ಮಾತ್ರ; ತುಂಬಿದವರನ್ನು ಕೆಲಸದಿಂದಲೇ ಬಿಡಿಸಬೇಕೆಂದಿತ್ತು. ವಯಸ್ಸಿನ ದಾಖಲೆ ಕೇಳಿದಾಗ, ಶಾಲೆಯ ಮೆಟ್ಟಿಲನ್ನೇ ಹತ್ತದ ಗೌರವ್ವ ದವಾಖಾನೆಗೆ ಹೋದಳು. ಡಾಕ್ಟರು ಹಲ್ಲು ನೋಡಿ ಐವತ್ತೆಂಟು ಎಂದು ಬರೆದುಕೊಟ್ಟರು. ಸಕ್ಕೂ ಮಾತ್ರ ಟ್ರಂಕಿನ ತಳದಲ್ಲಿ ಪ್ಲಾಸ್ಟಿಕ್ಕಿನೊಳಗೆ ಸುತ್ತಿಟ್ಟಿದ್ದ ಶಾಲೆಯ ದಾಖಲೆಯನ್ನು ಹೆಮ್ಮೆಯಿಂದ ಕೊಟ್ಟಳು. ಗುಮಾಸ್ತ ಭೀಮೇಶ ಅದನ್ನು ಎರಡು ಸಲ ಓದಿದನಂತೆ. ಅದರ ಪ್ರಕಾರ ಅವಳಿಗೆ ಮೇ ತಿಂಗಳ ಕೊನೆಗೇ ಅರವತ್ತು ಮುಗಿದಿತ್ತು.

ಅಂದೇ ಅವಳು ನಮ್ಮ ಮನೆಗೆ ಬಂದಳು. "ನೀವ ಬರ್ದದ್ದಲ್ರಿ ಮಾಸ್ತರ. ನೀವ ತಿದ್ದಿದ್ರ ಆತು" ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಮೇಲೆ ಆಗಿನಷ್ಟೇ ನಂಬಿಕೆಯಿತ್ತು.

ಮರುದಿನ ಇಬ್ಬರೂ ಕಚೇರಿಗೆ ಹೋದೆವು. ತಾರೀಖನ್ನು ನಾನೇ ತಪ್ಪು ಬರೆದೆನೆಂದು ಅರ್ಜಿ ಕೊಟ್ಟೆ. ಭೀಮೇಶ ಎದ್ದು ನಿಂತು, ತನ್ನ ಖುರ್ಚಿಯನ್ನು ನನಗೆ ಕೊಟ್ಟು, ಓದಿದ.

"ಗುರುಗಳ, ಇದಕ್ಕ ಕೋರ್ಟಿನ ಹುಕುಂ ಬೇಕ್ರಿ. ಅದು ಬರೂದ್ರಾಗ ಈ ಅವ್ವಗ ಖರೇನ ಅರವತ್ತ ಆಗಿರ್ತಾವ."

ಹೊರಗೆ ಗೌರವ್ವ ನಿಂತಿದ್ದಳು. ನಮ್ಮನ್ನು ನೋಡಿ ತನ್ನ ಆದೇಶದ ಕಾಗದವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಯಾಕರ ಸಾಲಿಗಿ ಹೋದೆವ್ವಾ ನೀ" ಎಂದು ಸಕ್ಕೂಳ ಕೈ ಹಿಡಿದುಕೊಂಡಳು. ಅದು ಚೇಷ್ಟೆಯಾಗಿರಲಿಲ್ಲ.

ಸಕ್ಕೂ ಕಟ್ಟೆಯ ಮೇಲೆ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಬಲಗೈಯನ್ನೆತ್ತಿ ತಲೆಯ ಮೇಲಿಂದ ಹಾಯಿಸಲು ನೋಡಿದಳು. ಗುಡಿಸಿ ಗುಡಿಸಿ ಭುಜ ಬಿಗಿದುಹೋಗಿ, ಕೈ ಹಣೆಯ ಮಟ್ಟಕ್ಕೇ ನಿಂತಿತು.

"ಈಗೂ ಮುಟ್ಟವಲ್ದ್ರಿ ಮಾಸ್ತರ."



ಮರುದಿನ ಆರಕ್ಕೆ ಓಣಿ ಗುಡಿಸಲು ಗೌರವ್ವ ಬಂದಳು. ನನ್ನ ಹೆಂಡತಿ ರೂಢಿಯಂತೆ ಚಹಾ ಹಿಡಿದು ಹೋಗಿ, ಸಕ್ಕೂ ಎಲ್ಲಿ ಎಂದು ಕೇಳಿದಳು.

"ಸುಮ್ನ ಮನ್ಯಾಗ ಕುಂತಾಳ್ರಿ" ಎಂದಳು ಗೌರವ್ವ. ಚಹಾ ಮುಟ್ಟಲಿಲ್ಲ.